ಹೆಲ್ಗೆ ಇಂಗ್‌ಸ್ಟಾಡ್: ಡಿಕ್ಕಿಯಾದದ್ದು ಯಾಕೆ, ಮುಳುಗಿದ್ದು ಯಾಕೆ?

ನಾರ್ವೆಯ ಫ್ರಿಗೇಟ್ (ಮಧ್ಯಮ ಗಾತ್ರದ ಯುದ್ಧನೌಕೆ) 'ಹೆಲ್ಗೆ ಇಂಗ್‌ಸ್ಟಾಡ್' ಬಗ್ಗೆ ಓದುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಅದು ತೈಲ ಟ್ಯಾಂಕರ್‌ಗೆ ಡಿಕ್ಕಿ ಹೊಡೆದದ್ದು ಯಾಕೆ? ಆಮೇಲೆ ಮುಳುಗಿದ್ದು ಯಾಕೆ? ತುಂಬಾ ಜನ ಎರಡಕ್ಕೂ ಸೇರಿಸಿ ಒಂದೇ ಉತ್ತರ ಬರೆದುಬಿಡುತ್ತಾರೆ. ಆದರೆ ಕಾರಣಗಳು ಒಂದೇ ಅಲ್ಲ.

ಮೊದಲು ಹಿನ್ನೆಲೆ. ನಾರ್ವೆ ತನ್ನ ಐದು ಫ್ರಿಗೇಟ್‌ಗಳನ್ನು ಸ್ಪೇನ್‌ನ ಫೆರೋಲ್‌ನಲ್ಲಿ ಕಟ್ಟಿಸಿತು. ಐದಕ್ಕೂ ಅನ್ವೇಷಕರ ಹೆಸರು. ಮೊದಲ ಹಡಗು ಫ್ರಿಡ್ಯೋಫ್ ನಾನ್ಸೆನ್, ಇಡೀ ವರ್ಗಕ್ಕೂ ಅದೇ ಹೆಸರು. ನಾಲ್ಕನೆಯದೇ ನಮ್ಮ ಹಡಗು. ಉದ್ದ ಸುಮಾರು 134 ಮೀಟರ್, ಮುಖ್ಯ ಕೆಲಸ ಜಲಾಂತರ್ಗಾಮಿಗಳ ಬೇಟೆ. 2009ರಲ್ಲಿ ಸೇವೆಗೆ ಬಂತು.

ಅಪಘಾತದ ಗದ್ದಲದಲ್ಲಿ ಇದರ ಒಂದು ಒಳ್ಳೆಯ ಕೆಲಸ ಮರೆತೇ ಹೋಗಿದೆ. 2013ರ ಕೊನೆಯಲ್ಲಿ ಈ ಹಡಗು ಸಿರಿಯಾ ಬಳಿಯ ಸಮುದ್ರಕ್ಕೆ ಹೋಯಿತು. ಸಿರಿಯಾದ ರಾಸಾಯನಿಕ ಅಸ್ತ್ರಗಳನ್ನು ಲಟಾಕಿಯಾ ಬಂದರಿನಿಂದ ಹೊರಗೆ ಸಾಗಿಸುತ್ತಿದ್ದ ಸರಕು ಹಡಗುಗಳಿಗೆ ಡೆನ್ಮಾರ್ಕ್‌ನ ನೌಕೆಯ ಜೊತೆ ಕಾವಲು ನಿಂತಿತು. ಇದರ ಸೇವಾ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಇದೇ.

ಈಗ 2018ರ ನವೆಂಬರ್ 8ರ ಬೆಳಗಿನ ಜಾವಕ್ಕೆ ಬರೋಣ, ಇನ್ನೂ ಕತ್ತಲು. ನೇಟೊದ ದೊಡ್ಡ ಸಮರಾಭ್ಯಾಸ ಮುಗಿದಿತ್ತು. ಬರ್ಗೆನ್ ಹತ್ತಿರದ ಯೆಲ್ಟೆ ಫ್ಯೋರ್ಡ್‌ನಲ್ಲಿ (ನೆಲದ ನಡುವಿನ ಇಕ್ಕಟ್ಟಾದ ಸಮುದ್ರದ ಚಾಚು) ಫ್ರಿಗೇಟ್ ದಕ್ಷಿಣಕ್ಕೆ ಬರುತ್ತಿತ್ತು. ವೇಗ ಸುಮಾರು 17 ನಾಟ್, ಅಂದರೆ ಗಂಟೆಗೆ 31 ಕಿಲೋಮೀಟರ್. ಹಡಗಿನಲ್ಲಿ 137 ಜನ. ಅದು ತನ್ನ ಗುರುತನ್ನು ಎಐಎಸ್‌ನಲ್ಲಿ (ಹಡಗುಗಳು ತಮ್ಮ ಹೆಸರು, ಸ್ಥಾನ ತಿಳಿಸುವ ರೇಡಿಯೋ ವ್ಯವಸ್ಥೆ) ಪ್ರಸಾರ ಮಾಡುತ್ತಿರಲಿಲ್ಲ, ಬೇರೆಯವರದ್ದನ್ನು ಪಡೆಯುತ್ತಿತ್ತು ಅಷ್ಟೆ. ಅದೇ ಹೊತ್ತಿಗೆ ಕಚ್ಚಾ ತೈಲ ತುಂಬಿಕೊಂಡ 'ಸೋಲಾ ಟಿಎಸ್' ಟ್ಯಾಂಕರ್ ದಡದಲ್ಲಿರುವ ಸ್ಟೂರೆ ತೈಲ ಟರ್ಮಿನಲ್ ಬಿಟ್ಟು ಹೊರಟಿತ್ತು. ಅದರ ಡೆಕ್ ಮೇಲಿನ ಜೋರು ದೀಪಗಳು ಇನ್ನೂ ಉರಿಯುತ್ತಿದ್ದವು.

ಫ್ರಿಗೇಟ್‌ನಿಂದ ನೋಡಿದವರಿಗೆ ಏನು ಕಂಡಿರಬಹುದು? ಹಿಂದೆ ಟರ್ಮಿನಲ್ ದೀಪ, ಮುಂದೆ ಟ್ಯಾಂಕರ್ ದೀಪ, ಎರಡೂ ಸೇರಿ ಒಂದೇ ಬೆಳಕಿನ ರಾಶಿ. ಆ ಬೆಳಕಿನಲ್ಲಿ ಟ್ಯಾಂಕರ್‌ನ ಸಂಚಾರ ದೀಪಗಳು, ಅಂದರೆ ಹಡಗು ಚಲಿಸುತ್ತಿದೆ ಎಂದು ತೋರಿಸುವ ದೀಪಗಳು, ಗುರುತೇ ಸಿಗಲಿಲ್ಲ. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಫ್ರಿಗೇಟ್ ನಡೆಸುವ ಅಧಿಕಾರಿಯ ಕಾವಲು ಪಾಳಿ ಬದಲಾಯಿತು. ಆ ಬೆಳಕಿನ ರಾಶಿ ದಡದ ಹತ್ತಿರ ನಿಂತಿರುವ ವಸ್ತು ಎಂಬ ನಂಬಿಕೆ ಹೊಸ ಅಧಿಕಾರಿಯಲ್ಲೂ ಬೇರೂರಿತು. ಕೊನೆಗೆ ಟ್ಯಾಂಕರ್‌ನಲ್ಲಿದ್ದ ಪೈಲಟ್ (ಹಡಗಿಗೆ ದಾರಿ ತೋರಿಸುವ ಸ್ಥಳೀಯ ತಜ್ಞ) ರೇಡಿಯೋದಲ್ಲಿ ಬಲಕ್ಕೆ ತಿರುಗಿಸಲು ಹೇಳಿದರು. ಎದುರಿಗೆ ಬರುತ್ತಿದ್ದ ಬೇರೊಂದು ಹಡಗಿನವರು ಮಾತಾಡುತ್ತಿದ್ದಾರೆ ಅಂದುಕೊಂಡ ಫ್ರಿಗೇಟ್‌ನವರು, ಈ ವಸ್ತುವನ್ನು ದಾಟದೆ ಬಲಕ್ಕೆ ತಿರುಗಲಾಗದು ಎಂಬ ಅರ್ಥದ ಉತ್ತರ ಕೊಟ್ಟರು. ಆ 'ವಸ್ತು'ವೇ ಟ್ಯಾಂಕರ್! 4 ಗಂಟೆ 1 ನಿಮಿಷಕ್ಕೆ ಡಿಕ್ಕಿಯಾಯಿತು. ತೀರದ ಸಂಚಾರ ನಿಯಂತ್ರಣ ಕೇಂದ್ರ ಕೂಡ ಫ್ರಿಗೇಟನ್ನು ಸರಿಯಾಗಿ ಗಮನಿಸುತ್ತಿರಲಿಲ್ಲ. ಹಾಗಾಗಿ ಎದುರಿಗಿರುವ ಹಡಗು ಯಾವುದು ಅಂತ ಪೈಲಟ್ ಕೇಳಿದಾಗ ಅವರಿಗೆ ತಕ್ಷಣ ಹೇಳಲಾಗಲಿಲ್ಲ.

ಎರಡನೆಯ ಪ್ರಶ್ನೆ ಪೂರ್ತಿ ಎಂಜಿನಿಯರಿಂಗ್‌ನದ್ದು, ನಿಧಾನವಾಗಿ ಓದಿ. ಬಲಬದಿಯಲ್ಲಿ ಉದ್ದನೆಯ ಸೀಳು ಬಿದ್ದಿತ್ತು. ಜಲನಿರೋಧಕ ಗೋಡೆಗಳಿಂದ ಬೇರ್ಪಟ್ಟ ಭಾಗಗಳಲ್ಲಿ ಮೂರಕ್ಕೆ ನೀರು ನುಗ್ಗಿದರೂ ಹಡಗು ತೇಲುತ್ತದೆ ಅಂತ ಸಿಬ್ಬಂದಿ ಲೆಕ್ಕ ಹಾಕಿದ್ದರು. ಆದರೆ ಇದರ ಪ್ರೊಪೆಲರ್ ಶಾಫ್ಟ್‌ಗಳು, ಅಂದರೆ ಪ್ರೊಪೆಲರ್ ತಿರುಗಿಸುವ ದಂಡಗಳು, ಒಳಗೆ ಟೊಳ್ಳು. ಹಿಂದಿನ ಜನರೇಟರ್ ಕೋಣೆಯ ನೀರು ಆ ಕೊಳವೆಯೊಳಗಿಂದಲೇ ಗೇರ್ ಕೋಣೆಗೆ ಹರಿಯಿತು. ಅಲ್ಲಿಂದ ಗೋಡೆಯ ಸೀಲ್‌ಗಳ ಮೂಲಕ ಎಂಜಿನ್ ಕೋಣೆಗಳಿಗೂ ಹೋಯಿತು. ಜಲನಿರೋಧಕ ಗೋಡೆ ಅನ್ನೋದಕ್ಕೆ ಆಗ ಅರ್ಥವೇ ಉಳಿಯಲ್ಲ, ಅಲ್ವಾ? ನಾರ್ವೆಯ ಅಪಘಾತ ತನಿಖಾ ಸಂಸ್ಥೆ ಅದೇ ತಿಂಗಳು ಈ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಇನ್ನೊಂದು ಕಾರಣವೂ ಇದೆ. ಸಿಬ್ಬಂದಿ ಹಡಗು ತೊರೆಯುವಾಗ ಬಾಗಿಲು, ಹ್ಯಾಚ್‌ಗಳನ್ನೆಲ್ಲ ಮುಚ್ಚಿರಲಿಲ್ಲ. ಮುಚ್ಚಿದ್ದರೆ ಅದು ಮುಳುಗುತ್ತಿರಲಿಲ್ಲ ಎಂದು ಅದೇ ಸಂಸ್ಥೆಯ 2021ರ ವರದಿ ಹೇಳಿತು. ಯಾರೂ ಸಾಯಲಿಲ್ಲ ಎಂಬುದೇ ದೊಡ್ಡ ಸಮಾಧಾನ.

ದಡಕ್ಕೆ ಉಕ್ಕಿನ ಹಗ್ಗಗಳಿಂದ ಬಿಗಿದಿದ್ದ ಹಡಗು, ಹಗ್ಗ ಕಿತ್ತು ನವೆಂಬರ್ 13ರಂದು ಇನ್ನಷ್ಟು ಮುಳುಗಿತು. 2019ರಲ್ಲಿ ಮೇಲೆತ್ತಿದರು. ರಿಪೇರಿಗೆ 1200ರಿಂದ 1400 ಕೋಟಿ ನಾರ್ವೆ ಕ್ರೋನ್ ಬೇಕೆಂದು ಅಂದಾಜಾಯಿತು, ಅಂಥದ್ದೇ ಹೊಸ ಹಡಗಿಗಿಂತ ಜಾಸ್ತಿ. ಹಾಗಾಗಿ ಗುಜರಿಗೆ ಹೋಯಿತು. ಕಾವಲಿನಲ್ಲಿದ್ದ ಅಧಿಕಾರಿಗೆ 2023ರಲ್ಲಿ 60 ದಿನಗಳ ಜೈಲು ಶಿಕ್ಷೆಯಾಯಿತು, ಆದರೆ ಅದರ ಜಾರಿಯನ್ನು ಷರತ್ತಿನ ಮೇಲೆ ತಡೆಹಿಡಿಯಲಾಯಿತು. ಉತ್ತರ ಬರೆಯುವಾಗ ಈ ತೀರ್ಪನ್ನೇ ಇಡೀ ಕಾರಣ ಅಂತ ಬರೆಯಬೇಡಿ. ನ್ಯಾಯಾಲಯ ನೋಡಿದ್ದು ಒಬ್ಬರ ಹೊಣೆಯನ್ನು ಮಾತ್ರ.

ಐದರಲ್ಲಿ ಈಗ ನಾಲ್ಕು ಫ್ರಿಗೇಟ್ ಉಳಿದಿವೆ. ಮುಂದಿನ ಪೀಳಿಗೆಗೆ ನಾರ್ವೆ 2025ರ ಆಗಸ್ಟ್‌ನಲ್ಲಿ ಬ್ರಿಟನ್‌ನ ಟೈಪ್ 26 ಹಡಗುಗಳನ್ನು ಆರಿಸಿಕೊಂಡಿದೆ.