ಎದೆ ಬಡಿತ ಕಿವಿಯಲ್ಲಿ ಕೇಳಿಸಿದಾಗ: ಚಿಕಿತ್ಸೆ ಬೆಳೆದು ಬಂದ ದಾರಿ

ಕಿವಿ ಗುಂಯ್‌ಗುಡುವುದು ಬೇರೆ, ಎದೆ ಬಡಿತಕ್ಕೆ ಸರಿಯಾಗಿ ಭುಸ್ ಭುಸ್ ಅನ್ನುವುದು ಬೇರೆ. ಎರಡನೆಯದು ಎಷ್ಟೋ ಸಲ ನಿಜವಾದ ಸದ್ದು. ಒಳಕಿವಿಯ ಪಕ್ಕದ ರಕ್ತನಾಳ ಕಿರಿದಾಗಿದ್ದರೆ, ಉಬ್ಬಿದ್ದರೆ, ಅಪಧಮನಿಯೊಂದು ನೇರವಾಗಿ ಅಭಿಧಮನಿಗೆ ಕೂಡಿಕೊಂಡಿದ್ದರೆ ರಕ್ತ ಸುಳಿಸುಳಿಯಾಗಿ ನುಗ್ಗುತ್ತದೆ. ಕೆಲವರಲ್ಲಿ ವೈದ್ಯರು ಕಿವಿಯ ಹಿಂದೆ ಸ್ಟೆತಾಸ್ಕೋಪ್ ಇಟ್ಟರೆ ಅವರಿಗೂ ಕೇಳಿಸುತ್ತದೆ. ಇಂಥವರಿಗೆ 'ಅಭ್ಯಾಸ ಮಾಡ್ಕೊಳ್ಳಿ' ಅಂದು ಕಳಿಸುವುದು ಅನ್ಯಾಯ.

ಲಂಡನ್ನಿನ ಸರ್ಜನ್ ಬೆಂಜಮಿನ್ ಟ್ರಾವರ್ಸ್ 1809ರಲ್ಲೇ ಇದಕ್ಕೆ ಹತ್ತಿರದ ಕಾಯಿಲೆಯೊಂದಕ್ಕೆ ಕೈ ಹಾಕಿದ್ದರು. ಮಹಿಳೆಯೊಬ್ಬರ ಕಣ್ಣು ಮುಂದಕ್ಕೆ ಬಂದು ಮಿಡಿಯುತ್ತಿತ್ತು, ತಲೆಯೊಳಗೆ ಸದ್ದು ಬೇರೆ. ಟ್ರಾವರ್ಸ್ ಕತ್ತಿನ ದೊಡ್ಡ ಅಪಧಮನಿಯನ್ನೇ ದಾರದಿಂದ ಕಟ್ಟಿದರು. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ! ಆಕೆ ಚೇತರಿಸಿಕೊಂಡರು. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. ಒಂದು ದಾರಿ ಕಟ್ಟಿದರೆ ರಕ್ತ ಇನ್ನೊಂದನ್ನು ಹುಡುಕಿಕೊಳ್ಳುತ್ತದೆ, ಸದ್ದು ಮರಳುತ್ತದೆ.

ತಪ್ಪು ಎಲ್ಲಿದೆ ಎಂದು ನೋಡುವ ಉಪಾಯ ಸಿಕ್ಕಿದ್ದು 1927ರಲ್ಲಿ. ಪೋರ್ಚುಗಲ್‌ನ ಎಗಾಸ್ ಮೊನಿಜ್ ಮಿದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ಕಾಣಿಸಿದರು. ಮಾಸ್ಕೋದ ಫ್ಯೊದೊರ್ ಸೆರ್ಬಿನೆಂಕೊ ಪುಟ್ಟ ಬಲೂನನ್ನು ನಾಳದೊಳಗೇ ಬಿಟ್ಟು, ಅಪಧಮನಿ ಅಭಿಧಮನಿಗೆ ಕೂಡಿಕೊಂಡ ತೂತನ್ನು ಮುಚ್ಚುವ ವಿಧಾನ ತಂದರು. 1990ರ ಹೊತ್ತಿಗೆ ಇಟಲಿಯ ವೈದ್ಯ ಗುಗ್ಲಿಯೆಲ್ಮಿಯವರ ಪ್ಲಾಟಿನಂ ಕಾಯಿಲ್, ಅಂದರೆ ನಾಳದೊಳಗೆ ತುಂಬಿ ಮುಚ್ಚುವ ಸುರುಳಿ ತಂತಿ, ಬಂತು. ಒಳಗೇ ಗಟ್ಟಿಯಾಗುವ ದ್ರವವೂ ಬಳಕೆಗೆ ಬಂತು.

ಅಭಿಧಮನಿಯ ಕಡೆ ಗಮನ ಹೋಗಿದ್ದು ತಡವಾಗಿ. 2002ರಲ್ಲಿ ಕೇಂಬ್ರಿಜ್‌ನ ವೈದ್ಯರು ತಲೆಯೊಳಗಿನ ಒತ್ತಡ ಇಳಿಸಲು ಕಿರಿದಾದ ಅಭಿಧಮನಿಗೆ ಸ್ಟೆಂಟ್ (ನಾಳವನ್ನು ಅಗಲವಾಗಿ ಹಿಡಿದಿಡುವ ಜಾಲರಿ ಕೊಳವೆ) ಹಾಕಿದ್ದನ್ನು ವರದಿ ಮಾಡಿದರು. ಮುಂದೆ ಇಂಥ ಸ್ಟೆಂಟ್ ಹಾಕಿಸಿಕೊಂಡ ಅನೇಕರಿಗೆ ಕಿವಿಯ ಸದ್ದೂ ನಿಂತಿತು. ತೊಡೆಸಂದಿಯಿಂದ ತೆಳು ಕೊಳವೆ ಏರಿಸುತ್ತಾರೆ. ಕಿರಿದಾದ ಜಾಗದ ಆಚೆ-ಈಚೆ ರಕ್ತದ ಒತ್ತಡ ಅಳೆಯುತ್ತಾರೆ. ವ್ಯತ್ಯಾಸ ಜಾಸ್ತಿ ಇದ್ದರೆ ಅಲ್ಲಿ ಸ್ಟೆಂಟ್ ಕೂರಿಸುತ್ತಾರೆ. ನಂತರ ಕೆಲವು ತಿಂಗಳು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು.

ಎಲ್ಲರಿಗೂ ಇದು ಬೇಕಿಲ್ಲ. ಸದ್ದು ಸಹಿಸುವಷ್ಟಿದ್ದು, ಅಪಾಯವಿಲ್ಲ ಎಂದು ಖಚಿತವಾದರೆ ಸುಮ್ನೆ ಬಿಡಬಹುದು. ಅಪಧಮನಿಯ ರಕ್ತ ಮಿದುಳಿನ ಅಭಿಧಮನಿಗಳಿಗೆ ಹಿಂದಕ್ಕೆ ನುಗ್ಗುತ್ತಿದ್ದರೆ ಮಾತ್ರ ತಡ ಮಾಡಬಾರದು, ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಶ್ರವಣ ಪರೀಕ್ಷೆ ನಾರ್ಮಲ್ ಬಂದರೂ ರಕ್ತನಾಳದ ಇಂಥ ತೊಂದರೆ ಇರಬಹುದು, ಅಲ್ವಾ? ಹಾಗಾಗಿ ಅಪಧಮನಿ, ಅಭಿಧಮನಿ ಎರಡೂ ಕಾಣುವಂಥ ಸ್ಕ್ಯಾನ್ ಆಗಿದೆಯೇ ಎಂದು ವೈದ್ಯರನ್ನು ಕೇಳಿ.