ಎರೆಹುಳುವಿಗೆ ಪಿಯಾನೋ ಕೇಳಿಸಿದ ಮನೆ

ಪಿಯಾನೋ ಪಕ್ಕದ ಟೇಬಲ್ ಮೇಲೆ ಮಣ್ಣು ತುಂಬಿದ ಕುಂಡಗಳು. ಒಳಗಿನ ಎರೆಹುಳುಗಳು ಬಿಲದಿಂದ ಮೈ ಚಾಚಿಕೊಂಡಿವೆ. ಮನೆಯಾಕೆ ಎಮ್ಮಾ ಪಿಯಾನೋವನ್ನು ಆದಷ್ಟು ಜೋರಾಗಿ ನುಡಿಸುತ್ತಾಳೆ. ಹುಳುಗಳು ಅಲ್ಲಾಡುವುದಿಲ್ಲ. ಮಗ ಫ್ರಾನ್ಸಿಸ್ ಬಸೂನ್ ಎಂಬ ಉದ್ದನೆಯ ವಾದ್ಯ ತಂದು ಊದುತ್ತಾನೆ. ಊಹೂಂ. ಪೀಪಿ ಊದಿದರೂ ಇಲ್ಲ, ಕೂಗಿದರೂ ಇಲ್ಲ. ಕೊನೆಗೆ ಕುಂಡಗಳನ್ನು ಪಿಯಾನೋ ಮೇಲೇ ಇಟ್ಟು ಒಂದು ಮಂದ್ರ ಸ್ವರ ಒತ್ತುತ್ತಾರೆ. ಹುಳುಗಳು ಸರಕ್ಕನೆ ಬಿಲದೊಳಗೆ!

ಅಂದರೆ ಕಿವಿ ಇಲ್ಲ, ಆದರೆ ನೆಲ ಅದುರಿದರೆ ಮೈಗೆ ತಿಳಿಯುತ್ತದೆ. ರಾತ್ರಿ ಟಾರ್ಚ್ ಹಿಡಿದು ದಬದಬ ಹೆಜ್ಜೆ ಹಾಕಿಕೊಂಡು ಹೋದರೆ ಒಂದು ಹುಳುವೂ ಕಾಣದಿರುವುದು ಇದಕ್ಕೇ.

ಇದು ನಡೆದದ್ದು ಇಂಗ್ಲೆಂಡಿನ ಕೆಂಟ್ ಸೀಮೆಯ ಒಂದು ಹಳ್ಳಿಮನೆಯಲ್ಲಿ. ಮನೆಯ ಯಜಮಾನ ಚಾರ್ಲ್ಸ್ ಡಾರ್ವಿನ್. ಎರೆಹುಳುಗಳು ಮೇಲ್ಮಣ್ಣನ್ನು ಹೇಗೆ ಮಾಡುತ್ತವೆ ಅಂತ ಅವನು ಬರೆದ ಪುಸ್ತಕ 1881ರ ಅಕ್ಟೋಬರಿನಲ್ಲಿ ಬಂತು. ಮರುವರ್ಷ ಏಪ್ರಿಲಿನಲ್ಲಿ ಅವನು ತೀರಿಕೊಂಡ. ಕಣ್ಣು, ಕಿವಿ, ಹಲ್ಲು ಯಾವುದೂ ಇಲ್ಲದ ಪ್ರಾಣಿಯ ಮೇಲಿನ ಈ ಪುಸ್ತಕ ಕೆಲವೇ ವಾರಗಳಲ್ಲಿ ಸಾವಿರಾರು ಪ್ರತಿ ಖರ್ಚಾಯಿತು.

ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಕಾಗದದ ತ್ರಿಕೋನಗಳ ಕತೆ. ಎರೆಹುಳು ಎಲೆಗಳನ್ನು ಎಳೆದುಕೊಂಡು ಬಿಲದ ಬಾಯಿಗೆ ಬಿರಡೆ ಹಾಕಿಕೊಳ್ಳುತ್ತದೆ. ಚೂಪು ತುದಿ ಹಿಡಿದೆಳೆದರೆ ಸಲೀಸಾಗಿ ಒಳಗೆ ಹೋಗುತ್ತದೆ, ಅಗಲದ ಕಡೆ ಹಿಡಿದರೆ ಸಿಕ್ಕಿಕೊಳ್ಳುತ್ತದೆ. ಹುಳುವಿಗೆ ಇದು ಗೊತ್ತಾ, ಅಥವಾ ಸುಮ್ನೆ ಸಿಕ್ಕಿದ ಕಡೆ ಎಳೆಯುತ್ತದಾ? ಡಾರ್ವಿನ್ ಬರೆಯುವ ಹಾಳೆಯಿಂದ ಉದ್ದುದ್ದ ತ್ರಿಕೋನ ಕತ್ತರಿಸಿದ. ಇಬ್ಬನಿಗೆ ಮೆತ್ತಗಾಗದಿರಲಿ ಅಂತ ಎರಡೂ ಬದಿಗೆ ಕೊಬ್ಬು ಸವರಿದ. ಬಿಲದೊಳಗೆ ಎಳೆದುಹೋದ 303 ತುಂಡುಗಳನ್ನು ಒಂದೊಂದಾಗಿ ನೋಡಿ ಲೆಕ್ಕ ಹಾಕಿದ. ನೂರಕ್ಕೆ 62 ಚೂಪು ತುದಿಯಿಂದಲೇ ಒಳಗೆ ಹೋಗಿದ್ದವು. ಮೊದಲು ಅಗಲದ ಕಡೆ ಎಳೆದು, ಆಗದೆ ಆಮೇಲೆ ತುದಿ ಹಿಡಿದಿರಬಹುದಲ್ಲ? ಹಾಗಿದ್ದರೆ ಅಗಲದ ಅಂಚು ಕೊಳೆಯಾಗಿ ಸುಕ್ಕಾಗಿರಬೇಕಿತ್ತು. ಹೆಚ್ಚಿನವು ಹಾಗಿರಲಿಲ್ಲ. ಹುಳುವಿಗೂ ಒಂದಿಷ್ಟು ಬುದ್ಧಿ ಇದೆ ಅಂತ ಅವನು ಬರೆದೇಬಿಟ್ಟ. 70 ದಾಟಿದ ಜಗತ್ಪ್ರಸಿದ್ಧ ವಿಜ್ಞಾನಿ ಕತ್ತರಿ ಹಿಡಿದು ಕಾಗದ ಕತ್ತರಿಸುತ್ತಾ ಕೂತಿರುವುದನ್ನು ಊಹಿಸಿಕೊಳ್ಳಿ.

ಪುಸ್ತಕದ ಎಲ್ಲ ಪುಟವೂ ಹೀಗಿಲ್ಲ ಅನ್ನಿ. ಹುಳುಗಳು ಹೊರಹಾಕಿದ ಮಣ್ಣಿನಡಿ ಹೂತುಹೋದ ರೋಮನ್ ಕಾಲದ ಪಾಳುಮನೆಗಳ ಅಳತೆ ಬರುವಲ್ಲಿ ನಾನೂ ಪುಟ ಹಾರಿಸಿದ್ದೇನೆ.

ಮಳೆ ನಿಂತ ಬೆಳಿಗ್ಗೆ ಅಂಗಳದಲ್ಲಿ ಬಗ್ಗಿ ನೋಡಿದರೆ ಎರೆಹುಳುವಿನ ಹಿಕ್ಕೆ ಕಾಣುತ್ತದೆ. ಯಾರೋ ಪುಟ್ಟ ಒರಳಿನಿಂದ ಶ್ಯಾವಿಗೆ ಒತ್ತಿಟ್ಟ ಹಾಗೆ, ಸುರುಳಿ ಸುರುಳಿ ಮಣ್ಣು. ಹುಳು ಕೆಳಗಿನ ಮಣ್ಣು ನುಂಗುತ್ತದೆ. ಜೊತೆಗೆ ನುಂಗಿದ ಸಣ್ಣ ಕಲ್ಲುಗಳು ಕೋಳಿಯ ಹೊಟ್ಟೆಯಲ್ಲಿ ಆಗುವ ಹಾಗೆ ಅದನ್ನು ಅರೆಯುತ್ತವೆ. ಉಳಿದದ್ದನ್ನು ಮೇಲೆ ತಂದು ಹಾಕುತ್ತದೆ. ಗುರುತು ಮಾಡಿದ ಜಾಗದಿಂದ ವರ್ಷವಿಡೀ ಹಿಕ್ಕೆ ಹೆಕ್ಕಿಸಿ, ಒಣಗಿಸಿ ತೂಗಿದಾಗ ಬಂದ ಲೆಕ್ಕ ಇದು: ಇಂಗ್ಲೆಂಡಿನ ಹಲವು ಕಡೆ ಎಕರೆಗೆ ವರ್ಷಕ್ಕೆ 10 ಟನ್‌ಗಿಂತ ಜಾಸ್ತಿ ಒಣಮಣ್ಣು ಹುಳುಗಳ ಹೊಟ್ಟೆಯಿಂದ ಹಾದು ಬರುತ್ತದೆ. (ನಾವು ಎರೆಗೊಬ್ಬರದ ತೊಟ್ಟಿಗೆ ಬಿಡುವ ಆಫ್ರಿಕಾ ಮೂಲದ ಹುಳುವಿನ ಕೆಲಸ ಬೇರೆ. ಅದಕ್ಕೆ ಕಸ ಇದ್ದರೆ ಸಾಕು.)

ಕೆಳಗಿನ ಮಣ್ಣು ಮೇಲೆ ಬಂದರೆ ಮೇಲಿದ್ದದ್ದು ಕೆಳಗಿಳಿಯಲೇಬೇಕು, ಅಲ್ವಾ? 1837ರಲ್ಲೇ ಡಾರ್ವಿನ್ ಇದನ್ನು ಹೇಳಿದ್ದ. ಇಷ್ಟು ಬಡಪಾಯಿ ಹುಳು ಇಷ್ಟು ದೊಡ್ಡ ಕೆಲಸ ಮಾಡೀತೇ ಅಂತ 1869ರಲ್ಲಿ ಒಬ್ಬರು ತೋಟಗಾರಿಕೆ ಪತ್ರಿಕೆಯಲ್ಲಿ ಅವನ ಮಾತನ್ನು ತಳ್ಳಿಹಾಕಿದರು. ಆದರೆ ಅಷ್ಟರಲ್ಲಿ ಅವನ ಒಂದು ಪ್ರಯೋಗ ಶುರುವಾಗಿ 26 ವರ್ಷ ದಾಟಿತ್ತು. 1842ರ ಡಿಸೆಂಬರಿನಲ್ಲಿ ಮನೆ ಹತ್ತಿರದ ಹುಲ್ಲುಗಾವಲಿನ ಮೇಲೆ ಬಿಳಿ ಸುಣ್ಣಕಲ್ಲಿನ ಚೂರು ಹರಡಿಸಿದ್ದ. ನಡುವೆ 1859ರಲ್ಲಿ, ಜೀವಿಗಳ ವಿಕಾಸದ ಬಗ್ಗೆ ಹೇಳಿ ಜಗತ್ತನ್ನೇ ಅಲ್ಲಾಡಿಸಿದ ಅವನ ಆ ಇನ್ನೊಂದು ಪುಸ್ತಕ ಬಂದುಹೋಯಿತು. ಸುಣ್ಣಕಲ್ಲು ಇಳಿಯುತ್ತಲೇ ಇತ್ತು. 1871ರಲ್ಲಿ ಅಡ್ಡಲಾಗಿ ಕಾಲುವೆ ಅಗೆಸಿದರೆ, 7 ಇಂಚು ಕೆಳಗೆ ಗೆರೆ ಎಳೆದ ಹಾಗೆ ಬಿಳಿ ಚೂರುಗಳ ಸಾಲು.

ಅಲ್ಲೇ ಇನ್ನೊಂದು ಹೊಲವಿತ್ತು. ಮನೆಯವರು ಅದನ್ನು ಕಲ್ಲುಹೊಲ ಅಂತಲೇ ಕರೆಯುತ್ತಿದ್ದರು. 1841ರಲ್ಲಿ ಕೊನೆಯ ಸಲ ಉತ್ತು ಬಿಟ್ಟದ್ದು. ಮಕ್ಕಳು ಇಳಿಜಾರಿನಲ್ಲಿ ಓಡಿದರೆ ಕಾಲಡಿಯ ಕಲ್ಲುಗಳು ಕಟಕಟ ಸದ್ದು ಮಾಡುತ್ತಿದ್ದವು. ಇವೆಲ್ಲ ಮುಚ್ಚಿಹೋಗುವುದನ್ನು ತಾನು ಬದುಕಿದ್ದು ನೋಡುತ್ತೇನೋ ಇಲ್ಲವೋ ಅಂತ ಡಾರ್ವಿನ್‌ಗೆ ಅನುಮಾನವಿತ್ತು. 30 ವರ್ಷ ಕಳೆದ ಮೇಲೆ, ಆ ಹೊಲದ ಈ ತುದಿಯಿಂದ ಆ ತುದಿಗೆ ಕುದುರೆ ನಾಗಾಲೋಟದಲ್ಲಿ ಓಡಿದರೂ ಅದರ ಲಾಳಕ್ಕೆ ಒಂದು ಕಲ್ಲೂ ತಾಗುವಂತಿರಲಿಲ್ಲ.