ಜಕಾತಿ ಹೋಯಿತು, ಮನೆ ಕರ ಉಳಿಯಿತು: ಗ್ರಂಥಾಲಯದ ದುಡ್ಡಿನ ಹಿನ್ನೆಲೆ

ವಿಜಯಪುರದಲ್ಲಿ ಆಸ್ತಿ ಕರ ಕಟ್ಟಿದ ಚಲನ್ ಇದ್ದರೆ ಒಮ್ಮೆ ಬಿಡಿಸಿ ನೋಡಿ. ಮೂಲ ಕರದ ಕೆಳಗೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎಂದು ಸಾಲಾಗಿ ಇರುತ್ತವೆ. ಮೂಲ ಕರ 4,000 ರೂಪಾಯಿಯಾದರೆ ಅದರ ಮೇಲೆ ಕಟ್ಟಿದ 240 ರೂಪಾಯಿ ನಗರ ಕೇಂದ್ರ ಗ್ರಂಥಾಲಯದ ಪಾಲು. ಹೊಸ ಪುಸ್ತಕ, ದಿನಪತ್ರಿಕೆ, ಶಾಖೆಗಳ ಖರ್ಚು ಬಹುಮಟ್ಟಿಗೆ ಈ ಸಾಲನ್ನೇ ನಂಬಿವೆ.

ಈ ಊರಿಗೆ ಪುಸ್ತಕ ಭಂಡಾರ ಹೊಸದಲ್ಲ. ಆಸಾರ್ ಮಹಲಿನಲ್ಲಿ ಉಳಿದಿದ್ದ ಆದಿಲ್‌ಶಾಹಿ ಹಸ್ತಪ್ರತಿಗಳನ್ನು 1853ರಲ್ಲಿ ಇಂಗ್ಲಿಷರು ಲಂಡನ್‌ಗೆ ಸಾಗಿಸಿದರು. ಆದರೆ ಅದು ಅರಸರ ಸಂಗ್ರಹ. ಜನರ ದುಡ್ಡಿನಲ್ಲಿ, ಜನರಿಗಾಗಿ ನಡೆಯುವ ಗ್ರಂಥಾಲಯಕ್ಕೆ ಕಾನೂನಿನ ಆಸರೆ ಬಹಳ ತಡವಾಗಿ ಸಿಕ್ಕಿತು. 1956ರಲ್ಲಿ ರಾಜ್ಯ ಒಂದಾದಾಗ ಮಂಗಳೂರಿನ ಕಡೆ 1948ರ ಮದ್ರಾಸ್ ಕಾಯ್ದೆ ಇತ್ತು, ಕಲಬುರಗಿಯ ಕಡೆ 1955ರ ಹೈದರಾಬಾದ್ ಕಾಯ್ದೆ. ಮುಂಬೈ ಪ್ರಾಂತ್ಯದಿಂದ ಬಂದ ಬೆಳಗಾವಿ, ವಿಜಯಪುರಗಳಿಗೆ ಯಾವುದೂ ಇರಲಿಲ್ಲ. ವಾಚನಾಲಯಗಳು ವಂತಿಗೆ ಮತ್ತು ಸರ್ಕಾರಿ ಅನುದಾನದಲ್ಲೇ ನಡೆಯಬೇಕಿತ್ತು. ವಂತಿಗೆ ಕೊಡುವವರು ಕಡಿಮೆಯಾದ ವರ್ಷ ಪುಸ್ತಕವೂ ಕಡಿಮೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಹಂಬಲದಿಂದ ಮೂಡಿದ ಮದ್ರಾಸ್ ಕಾಯ್ದೆ ಆಸ್ತಿ ಕರದ ಪ್ರತಿ ರೂಪಾಯಿಗೆ 6 ಪೈ ಗ್ರಂಥಾಲಯಕ್ಕೆ ಇಟ್ಟಿತ್ತು. ಆಗ ರೂಪಾಯಿಗೆ 192 ಪೈ. ಅಂದರೆ ಇದು ಅರ್ಧ ಆಣೆ, ಇಂದಿನ ಲೆಕ್ಕದಲ್ಲಿ 3 ಪೈಸೆಗೆ ತುಸು ಮೇಲೆ. ನಮ್ಮ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೂ ರೂಪಾಯಿಗೆ 3 ಪೈಸೆಯಿಂದಲೇ ಶುರುವಾಯಿತು. ಮುಂದೆ ಅದು 6 ಆಯಿತು. ಆದರೆ ಮೊದಲಿಗೆ ಕರ ಬರುತ್ತಿದ್ದುದು ಕಟ್ಟಡಗಳಿಂದ ಮಾತ್ರ ಅಲ್ಲ. ಊರೊಳಗೆ ಬರುವ ಸರಕಿನ ಜಕಾತಿ, ವಾಹನ ಕರ, ವೃತ್ತಿ ಕರ ಇವುಗಳ ಮೇಲೂ ಇತ್ತು. 1976ರಲ್ಲಿ ವೃತ್ತಿ ಕರವನ್ನು ರಾಜ್ಯವೇ ವಹಿಸಿಕೊಂಡಿತು. 1979ರಲ್ಲಿ ಜಕಾತಿ ರದ್ದಾಯಿತು. ವ್ಯಾಪಾರದ ಊರುಗಳ ಗ್ರಂಥಾಲಯಗಳಿಗೆ ಇದು ದೊಡ್ಡ ಪೆಟ್ಟು. ದರ ಇಮ್ಮಡಿಯಾದರೂ ಆಸರೆಯ ಕಂಬ ಒಂದೇ ಉಳಿಯಿತು: ಮನೆ ಕರ.

ಆ ಕಂಬವೂ ಅಲುಗುತ್ತದೆ. ಕರ ವಸೂಲಾಗುವುದು ನಗರ ಸಂಸ್ಥೆಯಲ್ಲಿ, ಖರ್ಚು ಮಾಡಬೇಕಾದುದು ನಗರ ಗ್ರಂಥಾಲಯ ಪ್ರಾಧಿಕಾರ. ಚಲನ್‌ನಲ್ಲಿ ಬೇರೆ ಬೇರೆ ಕಾಣುವ ಮೊತ್ತ ಬ್ಯಾಂಕಿನಲ್ಲಿ ಒಂದೇ ಖಾತೆಗೆ ಬಿದ್ದರೆ ಬೀದಿದೀಪದ ಬಿಲ್ಲು, ನೀರಿನ ಪಂಪು, ಕಸದ ಗಾಡಿಗಳ ಖರ್ಚಿಗೆ ಹೋಗಿಬಿಡುತ್ತದೆ, ಗ್ರಂಥಾಲಯದ ಪಾಲು ಬಾಕಿಯಾಗಿ ಉಳಿಯುತ್ತದೆ. ರಾಜ್ಯದ ಅನೇಕ ಊರುಗಳಲ್ಲಿ ಆಗುತ್ತಿರುವುದು ಇದೇ. ಮೊದಲ ಹೊಡೆತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ: ಕಾದಂಬರಿ ಎರಡು ವರ್ಷ ತಡವಾಗಿ ಬಂದರೂ ಓದಬಹುದು, ಹೋದ ವರ್ಷದ ಪ್ರಚಲಿತ ವಿದ್ಯಮಾನದ ಪುಸ್ತಕ ತಗೊಂಡು ಏನು ಮಾಡುವುದು?

ಗ್ರಂಥಾಲಯ ಸಪ್ತಾಹ ನವೆಂಬರ್ 14ರಿಂದ 20ರವರೆಗೆ. ಪುಸ್ತಕ ಪ್ರದರ್ಶನ, ಭಾಷಣ ಆಗಲಿ; ಅದರ ಜೊತೆ ಈ ಲೆಕ್ಕವೂ ಜನರ ಮುಂದೆ ಬರಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಪಾಲಿಕೆಗೆ ಕೇಳಬೇಕಾದುದು ಇಷ್ಟು: ಕಳೆದ 5 ವರ್ಷಗಳಲ್ಲಿ ವರ್ಷವಾರು ಗ್ರಂಥಾಲಯ ಕರದ ಬೇಡಿಕೆ, ವಸೂಲಿ, ಪ್ರಾಧಿಕಾರಕ್ಕೆ ಜಮೆ ಮಾಡಿದ ಮೊತ್ತ ಮತ್ತು ದಿನಾಂಕ, ಉಳಿದ ಬಾಕಿ. ‘ಗ್ರಂಥಾಲಯಕ್ಕೆ ಏನು ಮಾಡಿದ್ದೀರಿ’ ಎಂದು ಬರೆದರೆ ಉತ್ತರವೂ ಅಷ್ಟೇ ಸಡಿಲವಾಗಿ ಬರುತ್ತದೆ. ಗ್ರಂಥಾಲಯಕ್ಕೆ ಬೇರೆ ಅರ್ಜಿ ಹಾಕಿ, ಎಷ್ಟು ಬಂದಿದೆ ಎಂದು ಕೇಳಿ. ಎರಡೂ ಅಂಕಿ ಹೊಂದದಿದ್ದರೆ ಅಲ್ಲೇ ಪ್ರಶ್ನೆ ಹುಟ್ಟುತ್ತದೆ. ಉತ್ತರಕ್ಕೆ 30 ದಿನಗಳ ಗಡುವು ಇರುವುದರಿಂದ ಅಕ್ಟೋಬರ್ ಮೊದಲ ವಾರದಲ್ಲೇ ಅರ್ಜಿ ಹೋಗಬೇಕು.